ಪೆಟ್ಟಿಗೆ ಬಿಟ್ಟು

ಕೋಳಿಮರಿಗಳನ್ನು ತೂಗುವುದು ಹೇಳಿದಷ್ಟು ಸುಲಭವಲ್ಲ. ಪೆಟ್ಟಿಗೆಯನ್ನು ತೂಕದ ಹಲಗೆಯ ಮೇಲೆ ಇಟ್ಟಮೇಲೂ ಒಳಗೆ ಅವು ಒಂದರ ಮೇಲೊಂದು ಹತ್ತಿ ಇಳಿದು ಗಲಾಟೆ ಮಾಡುತ್ತಲೇ ಇರುತ್ತವೆ, ಗೋಡೆಯ ಬೋರ್ಡಿನಲ್ಲಿ ಕೆಂಪು ಅಂಕಿಗಳು ನಿಂತಲ್ಲಿ ನಿಲ್ಲುವುದಿಲ್ಲ. ಬೇರೆ ದಿನವಾಗಿದ್ದರೆ ಅಂಕಿ ಒಂದು ಗಳಿಗೆ ನಿಂತಿದ್ದೇ ತಡ ಅವನು ಗಂಟಲೆತ್ತಿ ಕೂಗಿಬಿಡುತ್ತಿದ್ದ. ವಿಮಾನ ನಿಲ್ದಾಣದ ಸರಕಿನ ಶೆಡ್ಡಿನ ಆ ತುದಿಯಲ್ಲಿ ಮೇಜು ಹಾಕಿಕೊಂಡು ಕೂತ ಗುಮಾಸ್ತರು ಬರೆದುಕೊಳ್ಳುತ್ತಿದ್ದರು. ಗುಮಾಸ್ತರಿಗೆ ಕಿವಿ ಮಂದ, ಹಾಗಾಗಿ ಕೂಗುವುದೆಂದರೆ ನಿಜವಾಗಿಯೂ ಕೂಗುವುದೇ. ಇವತ್ತು ಅಂಕಿ ನಿಂತು, ಮರಿಗಳೂ ದಣಿದು ತೆಪ್ಪಗಾಗಿ, ಗುಮಾಸ್ತರು ಪೆನ್ನೆತ್ತಿಕೊಂಡು ಎಷ್ಟು ಎಷ್ಟು ಎಂದು ಎರಡು ಸಲ ಕೇಳಿದರೂ ಅವನ ಬಾಯಿ ಏಳಲಿಲ್ಲ. ಮಧ್ಯಾಹ್ನದ ವಿಮಾನಕ್ಕೆ ಅತ್ತೆ ತಮ್ಮ ಊರಿನಿಂದ ಬರುವವರಿದ್ದರು. ಮೂರು ವರ್ಷದ ಕೆಳಗೆ ಇದೇ ಹಲಗೆಯ ಮುಂದೆ ನಿಂತು ಅವನು ಕೂಗಿದ ಒಂದು ಕೂಗಿನಿಂದ ಅತ್ತೆ ಅವನ ಜೊತೆ ಮಾತು ಬಿಟ್ಟಿದ್ದರು. ಇವತ್ತು ಅವರು ವಿಮಾನದಿಂದ ಇಳಿದು ಯಾರ ಮನೆಗೆ ಹೋಗುತ್ತಾರೆ ಎಂಬುದರ ಮೇಲೆ ಅವನ ಹೆಂಡತಿಯ ಮುಖ, ಆದ್ದರಿಂದ ಅವನ ಊಟ, ನಿದ್ದೆ, ಇನ್ನು ಮುಂದಿನ ಸಂಸಾರ ಎಲ್ಲವೂ ನಿಂತಿದ್ದವು.

ಹೆಂಡತಿಗೆ ರಜೆ ಸಿಕ್ಕಿರಲಿಲ್ಲ. ಬೆಳಗ್ಗೆ ಕೆಲಸಕ್ಕೆ ಹೊರಡುವ ಮೊದಲು ಅಮ್ಮನಿಗೆಂದು ಖಾಲಿ ಮಾಡಿದ ಕೋಣೆಯಲ್ಲಿ ಅವಳು ದಿಂಬಿನ ಹೊದಿಕೆಯನ್ನು ಇನ್ನೊಂದು ಸಲ ಜಾಡಿಸಿ ಹಾಕಿದ್ದಳು. ಮಂಡಿ ನೋವಿನವರಿಗೆ ಎತ್ತರವಾಗಲಿ ಎಂದು ಕೆಳಮನೆಯಿಂದ ಕುರ್ಚಿ ತಂದಿಟ್ಟಿದ್ದಳು. ಮಂಡಿಯ ಚಿಕಿತ್ಸೆಗೆಂದು ಅಮ್ಮ ಕೆಲವು ತಿಂಗಳು ಈ ಊರಿನಲ್ಲೇ ಇರಬೇಕಾಗಿತ್ತು. ಹೋದ ಸಲ ಬಂದಾಗ ಅಕ್ಕನ ಮನೆಯಲ್ಲೇ ಇದ್ದು ಹೋದರು, ಅದಕ್ಕೆ ಹಿಂದಿನ ಸಲವೂ. ಈ ಮನೆಗೆ ಒಂದು ಸಂಜೆ ಬಂದು, ಕೂತು, ಎದ್ದು ಹೋದರು, ಅಷ್ಟೆ. ಹೆಂಡತಿ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಪಾಠ ಹೇಳಿಕೊಟ್ಟಳು.

"ಗೇಟಿನ ಹತ್ರ ನಿಂತ್ಕೊಳ್ಳಿ. ಅಮ್ಮನ ಕೈಚೀಲ ಇಸ್ಕೊಳ್ಳಿ. ಪ್ರಯಾಣ ಹೇಗಿತ್ತು ಅಂತ ಕೇಳಿ. ಅಷ್ಟೇ ಸಾಕು. ತೂಕದ ಮಾತು ಮಾತ್ರ ಎತ್ತಬೇಡಿ."

ಅವನು ಹೂಂ ಎಂದ. ತೂಕದ ಮಾತು ಬಿಟ್ಟರೆ ತನ್ನ ಬಳಿ ಬೇರೆ ಮಾತು ಏನಿದೆ ಎಂದು ಬಸ್ಸಿನಲ್ಲಿ ಕೂತು ಯೋಚಿಸಿದ. ಪ್ರಯಾಣ ಹೇಗಿತ್ತು ಎಂಬ ಪ್ರಶ್ನೆಯನ್ನು ನಾಲ್ಕೈದು ರಾಗದಲ್ಲಿ ಮೆಲ್ಲಗೆ ಹೇಳಿ ನೋಡಿದ. ಒಂದರಲ್ಲಿ ತನಿಖೆಯ ಧ್ವನಿ ಬಂತು, ಒಂದರಲ್ಲಿ ಭಿಕ್ಷೆಯದು. ಪಕ್ಕದಲ್ಲಿ ಕೂತವನು ಒಂದು ಸಲ ತಿರುಗಿ ನೋಡಿ ಆಚೆ ಸರಿದು ಕೂತ. ಅವನಿಗೆ ಜನರ ಜೊತೆ ಬಳಕೆ ಕಡಿಮೆ. ಸಾಮಾನುಗಳ ಜೊತೆ ಹಾಗಲ್ಲ. ಕೈಯಲ್ಲಿ ಎತ್ತಿದ ಕೂಡಲೇ ತೂಕ ಅವನ ತೋಳಿನಿಂದ ಹತ್ತಿ ನಾಲಿಗೆಗೆ ಬಂದು ಕೂತುಬಿಡುತ್ತದೆ, ತಡೆದರೂ ನಿಲ್ಲದು. ಎದುರುಮನೆಯವರು ಹಸುಗೂಸನ್ನು ಎತ್ತಿಕೊಳ್ಳಲು ಕೊಟ್ಟಾಗ ಎಲ್ಲರೂ ಮೂಗು ಅಪ್ಪನದು, ಕಣ್ಣು ಅಮ್ಮನದು ಎನ್ನುತ್ತಿದ್ದರೆ ಇವನು ಮೂರು ಕಿಲೋ ಇನ್ನೂರು ಗ್ರಾಮು ಎಂದ. ಆಸ್ಪತ್ರೆಯಲ್ಲಿ ಹೇಳಿದ್ದೂ ಅಷ್ಟೇ ಇತ್ತು. ಆದರೂ ಆ ತಾಯಿ ಕೂಸನ್ನು ಮೆಲ್ಲಗೆ ವಾಪಸು ಇಸಿದುಕೊಂಡಳು. ಮದುವೆಯಾದ ಹೊಸದರಲ್ಲಿ ಹೆಂಡತಿ ಕನ್ನಡಿಯ ಮುಂದೆ ತಿರುಗಿ ನಿಂತು ನಾನು ದಪ್ಪ ಆಗಿದ್ದೀನಾ ಎಂದು ಕೇಳಿದ್ದಳು. ಲೋಕದ ಗಂಡಂದಿರೆಲ್ಲ ಇಂಥ ಹೊತ್ತಿಗೆ ಏನು ಹೇಳುತ್ತಾರೆಂದು ಅವನಿಗೆ ಆಗ ಯಾರೂ ಹೇಳಿಕೊಟ್ಟಿರಲಿಲ್ಲ. ಎರಡೂಕಾಲು ಕಿಲೋ ಎಂದ. ಎರಡು ದಿನ ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಅಂದದ್ದು ಸರಿ, ಆದರೆ ಆ ಹಿರಿಯರು ಯಾರೂ ಸರಕಿನ ಶೆಡ್ಡಿನಲ್ಲಿ ಕೆಲಸ ಮಾಡಿದವರಲ್ಲ.

ಈ ವಿಮಾನ ನಿಲ್ದಾಣದ ಹೆಸರಿನಲ್ಲಿ ಅಂತರರಾಷ್ಟ್ರೀಯ ಎಂಬ ದೊಡ್ಡ ಮಾತು ಇರುವುದು ಸಮುದ್ರದ ಆಚೆಗೆ ಹೋಗಿ ಬರುವ ಒಂದೇ ಒಂದು ವಿಮಾನದ ಪುಣ್ಯದಿಂದ. ಉಳಿದಂತೆ ಇದು ಎರಡು ಕಟ್ಟಡಗಳ ಸಂಸಾರ. ಗಾಜಿನದು ಜನರಿಗೆ, ತಗಡಿನದು ಸರಕಿಗೆ. ಗಾಜಿನ ಕಟ್ಟಡದಲ್ಲಿ ತಂಪು ಗಾಳಿ, ಹೂವಿನ ಕುಂಡ, ಸಾಮಾನು ಸುತ್ತುವ ಒಂದು ಬೆಲ್ಟು, ಮತ್ತು ಅವನ ಷಡ್ಡಕ. ಹೆಂಡತಿಯ ಅಕ್ಕನ ಗಂಡ ಅಲ್ಲಿ ಪ್ರಯಾಣಿಕರ ವಿಭಾಗದ ಮೇಲ್ವಿಚಾರಕ, ಕೊರಳಲ್ಲಿ ಟೈ, ಸೊಂಟದಲ್ಲಿ ಗೊರಗೊರ ಎನ್ನುವ ವಾಕಿಟಾಕಿ. ಸರಕಿನ ಲೆಕ್ಕದಲ್ಲಿ ಒಂದು ನಿಯಮವಿದೆ: ತೂಕ ಕಡಿಮೆಯಿದ್ದು ಜಾಗ ಹೆಚ್ಚು ತಿನ್ನುವ ಪೆಟ್ಟಿಗೆಗೆ ತೂಕದ ಮೇಲಲ್ಲ, ಗಾತ್ರದ ಮೇಲೆ ಬಾಡಿಗೆ. ಷಡ್ಡಕನನ್ನು ನೋಡಿದಾಗಲೆಲ್ಲ ಅವನಿಗೆ ಈ ನಿಯಮ ನೆನಪಾಗುತ್ತಿತ್ತು, ನೆನಪಾಗಿದ್ದಕ್ಕೆ ನಾಚಿಕೆಯೂ ಆಗುತ್ತಿತ್ತು, ಏಕೆಂದರೆ ಷಡ್ಡಕ ಕೆಟ್ಟ ಮನುಷ್ಯನೇನಲ್ಲ. ಎಲ್ಲಿ ನಗಬೇಕು, ಎಲ್ಲಿ ತಲೆ ಬಗ್ಗಿಸಬೇಕು, ಯಾರಿಗೆ ಯಾವಾಗ ನೀರು ಕೊಡಬೇಕು ಎಂಬುದು ಅವರಿಗೆ ಹುಟ್ಟುತ್ತಲೇ ಬಂದಿತ್ತು. ಮಾವನ ದೇಹ ಬಂದ ದಿನವೂ ಅವರು ಎಲ್ಲವನ್ನೂ ಸರಿಯಾಗಿಯೇ ಮಾಡಿದರು.

ಮಾವ ಹೋದದ್ದು ಸಮುದ್ರದ ಆಚೆ ಮಗನ ಮನೆಯಲ್ಲಿ. ಎರಡು ತಿಂಗಳು ಇದ್ದು ಬರುತ್ತೇನೆಂದು ಹೋದವರು. ಮಂಡಿಯ ದೆಸೆಯಿಂದ ಅತ್ತೆ ಜೊತೆಗೆ ಹೋಗಿರಲಿಲ್ಲ. ಮಗನ ಮನೆಯ ಬಚ್ಚಲಲ್ಲಿ ಒಂದು ಬೆಳಗ್ಗೆ ಕುಸಿದರಂತೆ. ಬದುಕಿದ್ದಾಗ ಗಾಜಿನ ಬಾಗಿಲಲ್ಲಿ ಹೋದ ಮನುಷ್ಯ ಬರುವಾಗ ತಗಡಿನ ಬಾಗಿಲಲ್ಲಿ ಬರುತ್ತಾನೆ, ವಿಮಾನದವರ ಶಾಸ್ತ್ರವೇ ಹಾಗೆ. ಅವತ್ತು ಮನೆಯವರೆಲ್ಲ ಇದೇ ಶೆಡ್ಡಿಗೆ ಬಂದಿದ್ದರು. ಷಡ್ಡಕ ಅತ್ತೆಗೆ ಕುರ್ಚಿ ತರಿಸಿ, ನೀರು ಕೊಟ್ಟು, ಕೈಕಟ್ಟಿ ಪಕ್ಕದಲ್ಲಿ ನಿಂತರು. ಇವನಿಗೆ ರಜೆ ಹಾಕಬೇಕೆಂದು ಹೊಳೆಯಲೇ ಇಲ್ಲ. ಮಾವನನ್ನು ಬೇರೆ ಯಾರೋ ಎತ್ತಿ ಇಳಿಸುವುದು ಅವನಿಗೆ ಬೇಡವಾಗಿತ್ತು, ಇದು ಪ್ರೀತಿಯೇ ಎಂದು ಅವನು ತಿಳಿದಿದ್ದ. ಬಂದ ಸರಕೆಲ್ಲ ಹಲಗೆಯ ಮೇಲೆ ಹತ್ತಿ ಇಳಿಯಲೇಬೇಕು. ಪೆಟ್ಟಿಗೆ ಹತ್ತಿತು. ಅಂಕಿ ಹೊಯ್ದಾಡಲೇ ಇಲ್ಲ, ಕೂಡಲೇ ನಿಂತಿತು. ಅವನ ಕಣ್ಣಲ್ಲಿ ನೀರು ತುಂಬಿತ್ತು, ಬೋರ್ಡು ಮಂಜಾಗಿ ಕಾಣುತ್ತಿತ್ತು, ಆದರೂ ಗಂಟಲು ತನ್ನಷ್ಟಕ್ಕೆ ತಾನು ತೆರೆದುಕೊಂಡು ನೂರಾ ಹತ್ತು ಎಂದು ಕೂಗಿತು. ಅಷ್ಟಕ್ಕೇ ಮುಗಿದಿದ್ದರೆ ಅಳುವಿನ ಗದ್ದಲದಲ್ಲಿ ಮುಚ್ಚಿಹೋಗುತ್ತಿತ್ತೇನೋ. ಗುಮಾಸ್ತರು ಕಿವಿಗೆ ಕೈಯಿಟ್ಟು ಎಷ್ಟು ಎಂದರು. ಅವನು ಇನ್ನೂ ಜೋರಾಗಿ, ಒಂದೊಂದೇ ಅಕ್ಷರ ಬಿಡಿಸಿ, ತಗಡಿನ ಮಾಡು ಅನುರಣಿಸುವಂತೆ ನೂರಾ ಹತ್ತು ಎಂದ. ಮಾಡಿನ ತೊಲೆಯ ಮೇಲಿದ್ದ ಪಾರಿವಾಳಗಳು ಎದ್ದು ಹಾರಿದವು. ಅತ್ತೆ ಅಳು ನಿಲ್ಲಿಸಿ ಅವನ ಮುಖ ನೋಡಿದರು.

ಆಮೇಲೆ ಮಾತಿಲ್ಲ. ಬೈದಿದ್ದರೆ ಬೈಸಿಕೊಳ್ಳಬಹುದಿತ್ತು. ಅತ್ತೆ ಬೈಯಲೂ ಇಲ್ಲ. ಎದುರಿಗೇ ಕೂತಿದ್ದರೂ ಅವರಿಗೆ ಟೀ ಬೇಕಾ ಕೇಳು ಎಂದು ಮಗಳಿಗೆ ಹೇಳುತ್ತಿದ್ದರು. ಮಗಳು, ಮಧ್ಯದಲ್ಲಿ ಕೂತವಳು, ಬೇಕಾ ಎಂದು ಕೇಳುತ್ತಿದ್ದಳು. ಇವನು ಬೇಕು ಎನ್ನುತ್ತಿದ್ದ. ಬೇಕಂತೆ ಎಂದು ಮಗಳು ಆ ಕಡೆ ಮುಟ್ಟಿಸುತ್ತಿದ್ದಳು. ಅಷ್ಟರಲ್ಲಿ ಟೀ ಆರಿರುತ್ತಿತ್ತು. ಒಮ್ಮೆ ಅತ್ತೆಯ ಊರಿಗೆ ಹೋದಾಗ, ಹೆಂಡತಿ ಸ್ನಾನಕ್ಕೆ ಹೋಗಿ ಇಬ್ಬರೇ ಉಳಿದು, ಅತ್ತೆ ಗೋಡೆಯ ಗಡಿಯಾರಕ್ಕೆ ಹೇಳುವಂತೆ, ಫ್ಯಾನ್ ಹಾಕಿದರೆ ಒಳ್ಳೇದಿತ್ತು ಎಂದರು. ಇವನು ಎದ್ದು ಫ್ಯಾನ್ ಹಾಕಿದ. ಅತ್ತೆ ಗಡಿಯಾರದ ಕಡೆ ನೋಡಿ ಸಾಕು ಎಂದರು. ಅಳಿಯ ಅಲ್ಲ, ಮಗಳ ಗಂಡ ಎಂದು ಜನ ತಮಾಷೆಗೆ ಹೇಳುವುದನ್ನು ಅತ್ತೆ ನಿಜ ಮಾಡಿಬಿಟ್ಟಿದ್ದರು. ಷಡ್ಡಕ ಅಳಿಯ. ಇವನು ಅಳಿಯ ಅಲ್ಲ, ಮಗಳ ಗಂಡ.

ಆದ್ದರಿಂದ ಅವನು ಬೆಳಗಿನ ಪಾಠವನ್ನೆಲ್ಲ ಗಾಳಿಗೆ ತೂರಿ ಶೆಡ್ಡಿನಲ್ಲೇ ಅವಿತುಕೊಳ್ಳುವುದೆಂದು ತೀರ್ಮಾನಿಸಿದ. ಗೇಟಿನ ಹತ್ತಿರ ನಿಂತರೆ ಅತ್ತೆ ಎಲ್ಲರ ಎದುರಿಗೆ ಷಡ್ಡಕನ ತೋಳು ಹಿಡಿದು ಅವನನ್ನು ದಾಟಿ ಹೋಗುತ್ತಾರೆ. ಶೆಡ್ಡಿನಲ್ಲಿದ್ದರೆ ದಾಟುವ ಪ್ರಶ್ನೆಯೇ ಇಲ್ಲ. ಹೆಂಡತಿ ಕೇಳಿದರೆ ಕೋಳಿಮರಿಗಳು ಎನ್ನಬಹುದು. ಜೀವವಿರುವ ಸರಕನ್ನು ಬಿಟ್ಟು ಹೋಗಲು ಬರುವುದಿಲ್ಲ, ಅದು ನಿಯಮ. ಈ ನಿಯಮ ನೆನಪಾಗಿ ಅವನಿಗೆ ಎಷ್ಟು ಸಂತೋಷವಾಯಿತೆಂದರೆ ಮರಿಗಳ ಪೆಟ್ಟಿಗೆಯ ತೂತಿನಲ್ಲಿ ಬೆರಳು ತೂರಿಸಿ ಒಂದರ ತಲೆ ಸವರಿದ. ಅದು ಬೆರಳನ್ನು ಕುಕ್ಕಿತು. ಹೊರಗೆ ವಿಮಾನ ಇಳಿದ ಸದ್ದು ಕೇಳಿತು. ಈಗ ವಿಮಾನಕ್ಕೆ ಮೆಟ್ಟಿಲು ಜೋಡಿಸಿರುತ್ತಾರೆ, ಈಗ ಅತ್ತೆ ಗಾಲಿಕುರ್ಚಿಯಲ್ಲಿ ಕೂತಿರುತ್ತಾರೆ, ಈಗ ಷಡ್ಡಕ ಬಗ್ಗಿ ನಮಸ್ಕಾರ ಮಾಡಿರುತ್ತಾರೆ ಎಂದು ಅವನು ಒಂದೊಂದನ್ನೂ ಎಣಿಸುತ್ತ ಮರಿಗಳ ಪೆಟ್ಟಿಗೆಗಳನ್ನು ಅನವಶ್ಯಕವಾಗಿ ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ ಇಟ್ಟ.

ಫೋನು ಹೊಡೆದುಕೊಂಡಿತು. ಷಡ್ಡಕನೇ. ಅವರ ಧ್ವನಿಯಲ್ಲಿ ಟೈ ಸಡಿಲಾದಂತಿತ್ತು. ಯಾರದೋ ಮಗುವಿನ ಮೂರು ಗಾಲಿಯ ಸೈಕಲ್ಲು ಬೆಲ್ಟಿನ ಸಂದಿಗೆ ಸಿಕ್ಕಿಕೊಂಡಿದೆ, ಎಳೆದರೆ ಬೆಲ್ಟು ಹರಿಯುತ್ತದೆ, ಬಿಟ್ಟರೆ ತಿರುಗುವುದಿಲ್ಲ. ಮಗು ನೆಲಕ್ಕೆ ಬಿದ್ದು ಹೊರಳಾಡುತ್ತಿದೆ. ಪ್ರಯಾಣಿಕರು ಮೇಲೆ ಬೀಳುತ್ತಿದ್ದಾರೆ. ಗಾಡಿಯಲ್ಲಿ ಉಳಿದ ಸಾಮಾನನ್ನೆಲ್ಲ ಶೆಡ್ಡಿಗೆ ತಿರುಗಿಸಿದ್ದೇನೆ, ಜನರನ್ನೂ ಅಲ್ಲಿಗೇ ಕರೆತರುತ್ತಿದ್ದೇನೆ, ನೆಲವನ್ನಾದರೂ ಸ್ವಲ್ಪ ಗುಡಿಸಿ ಎಂದರು. ಅವನು ಇಲ್ಲಿ ಕೋಳಿಮರಿಗಳಿವೆ ಎಂದ. ಅವರು ಆಗಲೇ ಫೋನು ಇಟ್ಟಿದ್ದರು.

ಅವಿತುಕೊಂಡವನನ್ನು ಇಡೀ ಪ್ರಯಾಣಿಕರ ವಿಭಾಗವೇ ಹುಡುಕಿಕೊಂಡು ಬಂದ ಹಾಗಾಯಿತು. ಮೊದಲು ಸಾಮಾನಿನ ಗಾಡಿ, ಅದರ ಹಿಂದೆ ಜನ, ಮೂಗಿಗೆ ಕರವಸ್ತ್ರ ಹಿಡಿದವರು, ಬೆಳಗಿನ ಮೀನಿನ ಪೆಟ್ಟಿಗೆಗಳ ನೀರಿನಲ್ಲಿ ತುದಿಗಾಲಲ್ಲಿ ನಡೆಯುವವರು, ಕೋಳಿಮರಿ ಕಂಡು ತನಗೂ ಬೇಕೆಂದು ಹಟ ಹಿಡಿದ ಸೈಕಲ್ಲಿನ ಮಗು. ಗಾಜಿನ ಕಟ್ಟಡದ ಶಿಸ್ತೆಲ್ಲ ತಗಡಿನ ಮಾಡಿನ ಕೆಳಗೆ ಒಂದೇ ನಿಮಿಷದಲ್ಲಿ ಕರಗಿತು. ಎಲ್ಲರೂ ಒಟ್ಟಿಗೆ ತಮ್ಮ ಚೀಲಕ್ಕೆ ಕೈಹಾಕಿ ಒಬ್ಬರದನ್ನು ಒಬ್ಬರು ಎಳೆದಾಡಿದರು. ಗುಮಾಸ್ತರು ಇಷ್ಟು ಸರಕು ಒಮ್ಮೆಗೇ ಬಂದದ್ದನ್ನು ಕಂಡು ಹುರುಪಿನಿಂದ ಹೊಸ ಹಾಳೆ ತಿರುವಿದರು. ಷಡ್ಡಕ ಇಂಗು ತಿಂದ ಮಂಗನ ಮುಖ ಮಾಡಿಕೊಂಡು ನಡುವೆ ನಿಂತು, ದಯವಿಟ್ಟು ಸಾಲಾಗಿ ಬನ್ನಿ ಎಂದು ತಮಗೇ ಕೇಳಿಸದಷ್ಟು ಮೆಲ್ಲಗೆ ಹೇಳುತ್ತಿದ್ದರು. ಇವೆಲ್ಲದರ ಹಿಂದೆ, ಗಾಲಿಕುರ್ಚಿ ಶೆಡ್ಡಿನ ಹೊಸ್ತಿಲ ಪಟ್ಟಿಯನ್ನು ಹತ್ತಲಾರದೆ ನಿಂತದ್ದರಿಂದ ಇಳಿದು, ಕೋಲೂರಿಕೊಂಡು, ಅತ್ತೆ ಒಳಗೆ ಬಂದರು.

ಅತ್ತೆ ಇಳಿದುಹೋಗಿದ್ದರು. ಕಣ್ಣಿಗೆ ಬಿದ್ದ ಕೂಡಲೇ ಎಷ್ಟು ಇಳಿದಿದ್ದಾರೆ ಎಂಬುದು ಅವನ ನಾಲಿಗೆಯ ತುದಿಗೆ ಬಂತು. ಹಲ್ಲು ಕಚ್ಚಿ ನುಂಗಿದ. ಪ್ರಯಾಣ ಹೇಗಿತ್ತು ಎಂದು ಕೇಳಬೇಕು. ಪ್ರಯಾಣ ಎಂಬಲ್ಲಿಗೆ ಬಾಯಿ ತೆರೆದು ಮುಂದಿನದು ಬರದೆ ನಿಂತ. ಅತ್ತೆ ಅವನನ್ನು ನೋಡಲಿಲ್ಲ. ಕೂರಲು ಏನಾದರೂ ಇದೆಯೇ ಎಂದು ಸುತ್ತ ನೋಡಿದರು. ಶೆಡ್ಡಿನಲ್ಲಿ ಇದ್ದ ಒಂದೇ ಕುರ್ಚಿಯಲ್ಲಿ ಗುಮಾಸ್ತರಿದ್ದರು, ಅವರಿಗೆ ಹೇಳಿದರೂ ಕೇಳಿಸುವುದಿಲ್ಲ. ಜನರ ನಡುವೆ ಖಾಲಿಯಾಗಿ, ಶುಭ್ರವಾಗಿ, ಮೊಣಕಾಲೆತ್ತರದಲ್ಲಿ ಇದ್ದದ್ದು ತೂಕದ ಹಲಗೆಯೊಂದೇ. ಅವನು ಬೇಡ ಅತ್ತೆ ಎನ್ನುವಷ್ಟರಲ್ಲಿ ಅವರು ಅದರ ಮೇಲೆ ಕೂತು, ಕೋಲನ್ನು ಪಕ್ಕದ ನೆಲಕ್ಕೆ ಊರಿ, ಉಸ್ ಎಂದರು.

ಗೋಡೆಯ ಬೋರ್ಡು ಬೆಳಗಿತು. ಅಂಗೈಯಗಲದ ಕೆಂಪು ಅಂಕಿಗಳು. ಗಲಾಟೆ ತಾನಾಗಿ ತಗ್ಗಿತು. ಜನರಿಗೆ ಇನ್ನೊಬ್ಬರ ತೂಕ ಎಂದರೆ ಎಂಥದೋ ಆಸೆ, ಎಲ್ಲರೂ ಕತ್ತೆತ್ತಿ ಬೋರ್ಡು ನೋಡಿದರು. ನಲವತ್ತಾರು ಕಿಲೋ ಮುನ್ನೂರು. ಅಂಕಿ ಅಲುಗಲಿಲ್ಲ, ಅತ್ತೆ ಅಲುಗುವವರಲ್ಲ. ಗುಮಾಸ್ತರು ಪೆನ್ನೆತ್ತಿದರು. ಎಷ್ಟು ಎಂದರು. ಅವನ ಗಂಟಲು ತೆರೆದುಕೊಂಡಿತು. ಅದು ತೆರೆದುಕೊಂಡದ್ದು ಅವನಿಗೆ ಗೊತ್ತಾಯಿತು, ಎದೆಯಲ್ಲಿ ಗಾಳಿ ತುಂಬಿದ್ದು ಗೊತ್ತಾಯಿತು, ನಲವತ್ತಾರು ಎಂಬುದು ಹೊರಟು ಅರ್ಧ ದಾರಿಗೆ ಬಂದದ್ದೂ ಗೊತ್ತಾಯಿತು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಒಳಗೆ ಸಿಕ್ಕಿಕೊಂಡ ಅಂಕಿ ಮೂಗಿನಿಂದ ಒಂದು ವಿಚಿತ್ರವಾದ ಸದ್ದಾಗಿ ಹೊರಬಂತು. ಸೈಕಲ್ಲಿನ ಮಗು ಅಳು ನಿಲ್ಲಿಸಿ ಕೇಕೆ ಹಾಕಿ ನಕ್ಕಿತು. ಗುಮಾಸ್ತರು ಮತ್ತೆ ಎಷ್ಟು ಎಂದರು. ಅವನು ಬಾಯಿ ಮುಚ್ಚಿಕೊಂಡೇ ಬೋರ್ಡಿಗೂ ಅತ್ತೆಗೂ ನಡುವೆ ಹೋಗಿ ನಿಂತ, ಅಂಕಿ ಅವನ ತಲೆಗಿಂತ ಎರಡು ಮೊಳ ಮೇಲಿದೆ ಎಂಬುದು ನಿಂತ ಮೇಲೆ ಹೊಳೆಯಿತು.

ಅತ್ತೆ ಅವನನ್ನು ನೋಡಿದರು. ಗಡಿಯಾರವನ್ನಲ್ಲ, ಮಗಳನ್ನಲ್ಲ, ಅವನನ್ನು.

"ಅವತ್ತು ನೂರಾ ಹತ್ತು ಅಂದ್ರಿ," ಎಂದರು.

ಅವನು ಕೈ ಕೆಳಗಿಳಿಸಿದ. ತಪ್ಪಾಯಿತು ಅತ್ತೆ ಎಂದ, ಈ ಮಾತನ್ನು ಮೂರು ವರ್ಷದಿಂದ ಎಷ್ಟು ರಾಗದಲ್ಲಿ ಅಭ್ಯಾಸ ಮಾಡಿದ್ದನೋ, ಯಾವ ರಾಗವೂ ಇಲ್ಲದೆ ಬಂತು. ಅತ್ತೆ ಅದನ್ನು ನೊಣ ಓಡಿಸಿದಂತೆ ಕೈಯಾಡಿಸಿ ಓಡಿಸಿದರು.

"ಪೆಟ್ಟಿಗೆ ಬಿಟ್ಟು ಎಷ್ಟಿದ್ರು ಅವರು?"

ಅತ್ತೆ ಕೋಲಿನ ತುದಿಯಿಂದ ಒದ್ದೆ ನೆಲದ ಮೇಲೆ ಗೀರು ಎಳೆಯುತ್ತ, ತಗ್ಗಿದ ಧ್ವನಿಯಲ್ಲಿ ಹೇಳಿದರು. ಅಪ್ಪ ಚೆನ್ನಾಗಿ ತಿಂತಿದ್ರು ಅಮ್ಮ ಎಂದು ಮಗ ಹೇಳಿದ್ದಾನೆ, ಸೊಸೆಯೂ ಹೇಳಿದ್ದಾಳೆ. ಬೆಳಗ್ಗೆ ಎರಡು ಚೂರು ಬ್ರೆಡ್ಡು ತಟ್ಟೆಯಲ್ಲಿಟ್ಟು ಕೆಲಸಕ್ಕೆ ಓಡುವವರ ಮನೆಯಲ್ಲಿ ಏನು ಚೆನ್ನಾಗಿ ತಿಂದಿರುತ್ತಾರೆ. ಹಸಿದು ಸೊರಗಿ ಹೋದರೋ ಏನೋ. ಯಾರನ್ನು ಕೇಳುವುದು. "ನಿಮ್ಮನ್ನ ನೋಡಿದಾಗೆಲ್ಲ ಇದೇ ಬಾಯಿಗೆ ಬರ್ತಿತ್ತು. ಕೇಳಿದ್ರೆ ನೀವು ಇದ್ದದ್ದು ಇದ್ದಂಗೇ ಹೇಳಿಬಿಡ್ತೀರಲ್ಲಾ, ಅದಕ್ಕೇ ನಿಮ್ಮ ಜೊತೆ ಮಾತೇ ಬೇಡ ಅಂತ ಇದ್ದೆ. ಈಗ ಹೇಳಿ. ನೀವು ತೂಕದಲ್ಲಿ ಸುಳ್ಳು ಹೇಳೋರಲ್ಲ."

ಅರವತ್ತೊಂದು. ಅವತ್ತು ಮನೆಗೆ ಹೋದವನು ಊಟಕ್ಕೆ ಕೂತಾಗಲೇ ಬೇಡವೆಂದರೂ ಕಳೆದು ನೋಡಿದ್ದ. ಖಾಲಿ ಪೆಟ್ಟಿಗೆ ಎತ್ತಿದ್ದ ತೋಳಿಗೆ ಗೊತ್ತಿತ್ತು: ಮರ, ತಗಡಿನ ಒಳಪದರ, ಮೊಳೆ ಎಲ್ಲ ಸೇರಿ ಪೆಟ್ಟಿಗೆ ನಲವತ್ತೊಂಬತ್ತು, ಮಾವ ಅರವತ್ತೊಂದು. ಊಟ ಬಿಟ್ಟು ಎದ್ದಿದ್ದ. ಆ ಅಂಕಿ ಈಗ ಮಾಮೂಲಿ ದಾರಿ ಹಿಡಿದು ನಾಲಿಗೆಗೆ ಬಂದು ನಿಂತಿತು. ಅತ್ತೆ ಕೋಲನ್ನು ಬಿಗಿಯಾಗಿ ಹಿಡಿದು ಕಾಯುತ್ತಿದ್ದರು. ಅವನು ಹುಟ್ಟಿದಂದಿನಿಂದ ಒಂದು ಗ್ರಾಮು ಆಚೀಚೆ ಹೇಳಿದವನಲ್ಲ. ನೆಲದ ಒದ್ದೆಯನ್ನು ನೋಡುತ್ತ, ಎಷ್ಟು ಕೂಡಿಸಿದರೆ ಒಬ್ಬ ಮನುಷ್ಯ ಹೊಟ್ಟೆ ತುಂಬ ಉಂಡಂತೆ ಆಗುತ್ತದೆ ಎಂದು ಲೆಕ್ಕ ಹಾಕಿ, ಕೂಡಿಸಿದ.

"ಎಪ್ಪತ್ತೊಂದು, ಅತ್ತೆ."

"ಪೆಟ್ಟಿಗೆ?"

"ಮೂವತ್ತೊಂಬತ್ತು. ಹಗುರದ ಮರ."

ಅತ್ತೆಯ ಮುಖ ಸಡಿಲಾಯಿತು. ಕಣ್ಣು ಒರೆಸಿಕೊಂಡರು. ಉಂಡಿದ್ದರು, ಪಾಪ ಉಂಡಿದ್ದರು ಎಂದು ತಮಗೆ ತಾವೇ ಎರಡು ಸಲ ಹೇಳಿಕೊಂಡರು. ಅವನ ಎದೆಯ ಮೇಲಿಂದ ಏನೋ ಇಳಿದಂತಾಯಿತು. ಸುಳ್ಳು ಇಷ್ಟು ಸುಲಭವೆಂದು ಗೊತ್ತಿದ್ದರೆ ಹೆಂಡತಿಗೂ ಹೇಳಬಹುದಿತ್ತಲ್ಲ ಎಂದುಕೊಂಡ. ಅಷ್ಟರಲ್ಲಿ ಅತ್ತೆಯ ಕೈ ಕೆನ್ನೆಯ ಮೇಲೆ ಅರ್ಧಕ್ಕೇ ನಿಂತಿತು.

"ಹೊರಡೋ ಮುಂಚೆ ಡಾಕ್ಟರು ತೂಕ ನೋಡಿ ಅರವತ್ತೆಂಟು ಅಂದಿದ್ರು," ಎಂದರು. "ನಾನೂ ಪಕ್ಕದಲ್ಲೇ ಇದ್ದೆ."

ಅವನು ಕಳೆಯಬಾರದೆಂದುಕೊಂಡರೂ ಕಳೆದ. ಏಳು ಕಿಲೋ. ಎರಡು ತಿಂಗಳಲ್ಲಿ ಏಳು ಕಿಲೋ ಕರಗಿದ್ದರು ಮಾವ. ಇನ್ನು ಇದನ್ನು ಯಾರಿಗೂ ಹೇಳುವಂತಿಲ್ಲ. ಅತ್ತೆಯ ಲೆಕ್ಕ ಬೇರೆ ದಿಕ್ಕಿಗೆ ಹೋಗಿತ್ತು. ಅವರು ಕೋಲೂರಿ ಎದ್ದರು, ಬೋರ್ಡು ಸೊನ್ನೆಗೆ ಬಂತು.

"ಮೂರು ಕಿಲೋ ಜಾಸ್ತಿ ಆಗಿದ್ರಾ? ಆ ಸೊಸೆ ಬ್ರೆಡ್ಡು ತಿಂದು? ನನ್ನ ಅಡುಗೆಗೆ ಜನ್ಮವಿಡೀ ಉಪ್ಪು ಹೆಚ್ಚು, ಹುಳಿ ಕಡಿಮೆ ಅಂತ ಹೆಸರಿಟ್ಟು, ಅರ್ಧ ಅನ್ನ ತಟ್ಟೇಲೇ ಬಿಟ್ಟು ಏಳ್ತಿದ್ದ ಮನುಷ್ಯ. ನಾನಿಲ್ಲಿ ಮೂರು ವರ್ಷದಿಂದ ಅವರು ಉಪವಾಸ ಹೋದ್ರು ಅಂತ ಒಂದು ತುತ್ತು ಸರಿಯಾಗಿ ಇಳಿಸಿಲ್ಲ."

ಷಡ್ಡಕ ನೀರಿನ ಬಾಟಲಿ ಹಿಡಿದು ಓಡಿಬಂದು, ಕಾರು ಬಂದಿದೆ ಅತ್ತೆ, ಮನೆಯಲ್ಲಿ ಅಡುಗೆ ಆಗಿದೆ ಎಂದರು. ಅತ್ತೆ ನೀರು ಇಸಿದುಕೊಂಡು ಕುಡಿದು, ಬಾಟಲಿ ವಾಪಸು ಕೊಟ್ಟು, ನಾನು ಚಿಕ್ಕವಳ ಮನೆಗೆ ಹೋಗ್ತೀನಿ ಎಂದರು. ಅಳಿಯಂದಿರ ಹತ್ತಿರ ಮಾತಾಡೋದು ತುಂಬಾ ಇದೆ ಎಂದರು. ಷಡ್ಡಕ ತಮ್ಮನ್ನೇ ಅಂದರೆಂದು ತಿಳಿದು ಅಲ್ಲೇ ನಿಂತರು. ಅತ್ತೆ ಇವನ ತೋಳು ಹಿಡಿದು ಹೊಸ್ತಿಲ ಪಟ್ಟಿ ದಾಟಿದರು. ಅವನು ಕೋಳಿಮರಿಗಳನ್ನು ಗುಮಾಸ್ತರಿಗೆ ಕೈಸನ್ನೆಯಲ್ಲೇ ಒಪ್ಪಿಸಿ ಜೊತೆಗೆ ನಡೆದ.

ಹೊರಗೆ ಬಿಸಿಲಿತ್ತು. ಗಾಜಿನ ಕಟ್ಟಡದ ಉದ್ದಕ್ಕೂ ಅತ್ತೆ ಬಿಡಲಿಲ್ಲ. ಮದುವೆಯಾದ ವರ್ಷದ ಒಂದು ಸಾರಿನಿಂದ ಶುರುಮಾಡಿ ಮಾವ ಬಿಟ್ಟೆದ್ದ ತಟ್ಟೆಗಳನ್ನು ಒಂದೊಂದಾಗಿ ಅವನ ಮುಂದೆ ತಂದಿಟ್ಟರು. ಅವನಿಗೆ ಮಾವನ ಮುಖ ಕಾಣುತ್ತಿತ್ತು, ಮಗಳ ಗಂಡನನ್ನೂ ಅಳಿಯಂದಿರೇ ಎಂದು ಬಾಯಿತುಂಬ ಕರೆಯುತ್ತಿದ್ದ ಆ ಸಾಧು ಮನುಷ್ಯನ ಮುಖ, ತಾನು ತಿನ್ನದ ಹತ್ತು ಕಿಲೋ ಅನ್ನಕ್ಕೆ ಬೈಸಿಕೊಳ್ಳುತ್ತ ಸುಮ್ಮನೆ ಕೂತ ಮುಖ. ತಪ್ಪಾಯಿತು ಮಾವ ಎಂದು ಅವನು ಮನಸ್ಸಿನಲ್ಲೇ ಕೈಮುಗಿದ. ಅತ್ತೆ ನಿಂತರು. ಅವನ ತೋಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದು, ಮುಖ ನೋಡಿ ಕೇಳಿದರು.

"ನೀವೇ ಹೇಳಿ. ಇದರಲ್ಲಿ ತಪ್ಪು ಯಾರದು?"

"ಮಾವಂದೇ, ಅತ್ತೆ," ಎಂದ ಅವನು.